ಸಾಲಿಹಾ ಮಾಡಿದ ಬೆಲ್ಲು

ನನಗೆ ಸಿಟ್ಟು ಬಂದರೆ ಮುಖ ಮೂತಿ ನೋಡುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಪಕ್ಕದ ಮನೆಯ ಅಬ್ದುಲ್ ಶುಕೂರ್ ಒಳ್ಳೆಯ ಮನುಷ್ಯ. ಒಳ್ಳೆಯವನೇ ಹೀಗೆ ಮಾಡಿದನಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಶುಕೂರನಿಗೆ ಮಡಂತ್ಯಾರು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನು ಬೆಸುಗೆ ಹಾಕುವುದನ್ನು ನೋಡಿ ಹೆಂಡತಿ ಸಾಲಿಹಾ ತಾನೂ ಕಲಿಯಬೇಕೆಂದಳು. ಹಳೆಯ ಸೋಲ್ಡರಿಂಗ್ ಐರನ್ನೂ ಒಂದು ಕಿಟ್ಟೂ ತಂದುಕೊಟ್ಟ. ಕಿಟ್ ಎಂದರೆ ಹಸಿರು ಬೋರ್ಡು, ತಂತಿಕಾಲಿನ ಪುಟ್ಟ ಬಿಡಿಭಾಗಗಳು. ಕಾಲನ್ನು ತೂತಿಗೆ ಸೇರಿಸಿ, ಹಿಂದಿನಿಂದ ಬೆಸೆದು, ಉಳಿದ ತುದಿ ಕತ್ತರಿಸಬೇಕು. ಅದಕ್ಕೆಂದೇ ಇರುವ ಕಟ್ಟರ್ ಅಂಗಡಿಯಲ್ಲೇ ಇರುತ್ತಿತ್ತು. ಸಾಲಿಹಾ ಉಗುರು ತೆಗೆಯುವ ನೇಲ್ ಕಟ್ಟರಿನಲ್ಲೇ ಸುಧಾರಿಸುತ್ತಿದ್ದಳು. ಅದು ಬುಡದವರೆಗೆ ಹೋಗದು. ಕೊಯ್ದ ಗದ್ದೆಯ ಕೂಳೆಯ ಹಾಗೆ ಚೂರು ಉಳಿಯುತ್ತಿತ್ತು.

ಮುಗಿದ ಬೋರ್ಡನ್ನು, ಅವಳು ಬ್ಯಾಟರಿ ಹಾಕುವ ಮೊದಲೇ, ಶುಕೂರ್ "ಅಂಗಡಿಯಲ್ಲಿ ಕರೆಂಟ್ ಕೊಟ್ಟು ನೋಡ್ತೇನೆ" ಎಂದು ಒಯ್ಯುತ್ತಿದ್ದ. ಸಂಜೆ ಬರುವಾಗ ಅದರ ಪುಟ್ಟ ದೀಪಗಳು ಉರಿಯುತ್ತಿದ್ದವು. "ಒಂದೇ ಏಟಿಗೆ ಹತ್ತಿತು ಮಾರಾಯ್ತಿ! ನಿನ್ನ ಕೈ ಎಂಥ ಕೈ!" ಹೀಗೆ ಆದವು ಮಿನುಗುವ ಹೃದಯ, ಗಡಿಯಾರ, ಕೊನೆಗೆ ಹಾಡುವ ಬಾಗಿಲ ಬೆಲ್ಲು. ಅದನ್ನು ಒತ್ತಲಿಕ್ಕೆಂದೇ ನಾನು ಸಕ್ಕರೆ ಕೇಳುವ ನೆಪ ಮಾಡಿ ಹೋಗುತ್ತಿದ್ದೆ. "ರಾಜೀವಕ್ಕ, ಹೇಗುಂಟು ನನ್ನ ಬೆಲ್ಲು?" ಎಂದು ಅವಳು ಒಳಗಿಂದಲೇ ಕೇಳುತ್ತಿದ್ದಳು.

ಅಂಗಡಿಯಲ್ಲಿ ಅವನು ಹೆಂಡತಿಯನ್ನು ಹೊಗಳುವುದನ್ನು ಕೇಳಿದ ಗಿರಾಕಿಯೊಬ್ಬರು, ಮೂಡುಬಿದಿರೆಯ ರಜಾ ಶಿಬಿರದಲ್ಲಿ ಹುಡುಗಿಯರಿಗೆ ಕಲಿಸಲು ಸಾಲಿಹಾಳನ್ನು ಕರೆದರು. ಆಗಲಾದರೂ ಬಾಯಿ ಬಿಡಬೇಡವೇ ಈ ಮನುಷ್ಯ? "ಹೋಗು, ಎಂಥ ಹೆದರಿಕೆ" ಎಂದ.

ಜೊತೆಗೆ ನಾನೂ ಬಸ್ ಹತ್ತಿದೆ. ಹುಡುಗಿಯರು ಸುತ್ತ ನಿಂತರು. ಸಾಲಿಹಾ ಬಿಸ್ಮಿಲ್ಲಾ ಎಂದು ಹೃದಯದ ಕಿಟ್ ಬೆಸೆದಳು, ಬ್ಯಾಟರಿ ಹಾಕಿದಳು. ಉರಿಯಲಿಲ್ಲ. ಬ್ಯಾಟರಿ ಬದಲಿಸಿದಳು. ಊಹೂಂ. ಒಬ್ಬಳು ಬೋರ್ಡು ತಿರುಗಿಸಿ ನೋಡಿ, "ಆಂಟಿ, ಬೆಸುಗೆ ಹಿಡಿದೇ ಇಲ್ಲ, ಸುಮ್ಮನೆ ಮೇಲೆ ಕೂತಿದೆ" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಭೂಮಿ ಬಾಯಿ ಬಿಡಬಾರದೇ ಎಂದು ನನಗೇ ಅನ್ನಿಸಿತು, ಅವಳಿಗೆ ಏನನ್ನಿಸಿತೋ.

ಮನೆಗೆ ಬಂದವಳೇ ಹಳೆಯ ಬೋರ್ಡುಗಳನ್ನೆಲ್ಲ ಇಳಿಸಿ ಹಿಂಬದಿ ನೋಡಿದಳು. ಅಲ್ಲೊಂದು ಇಲ್ಲೊಂದು ಅವಳ ಕೂಳೆ. ಉಳಿದ ಕಾಲುಗಳೆಲ್ಲ ಕಟ್ಟರಿನಲ್ಲಿ ಬುಡಕ್ಕೇ ಸವರಿದವು, ಸುತ್ತ ಹೊಳೆಯುವ ಬೆಸುಗೆ. ಬೆಲ್ಲಿನಲ್ಲಂತೂ ಅವಳದೆನ್ನಲು ಏನೂ ಉಳಿದಿರಲಿಲ್ಲ.

"ರಾಜೀವಕ್ಕ, ಇದು ನನ್ನ ಕೆಲಸ ಅಲ್ಲ. ಅಂಗಡಿಯಲ್ಲಿ ಕೂತು ಅವರೇ ಮಾಡಿದ್ದು."

"ಪ್ರೀತಿಯಿಂದ ಮಾಡಿರ್ಬೇಕು ಮಾರಾಯ್ತಿ" ಎಂದುಬಿಟ್ಟೆ.

"ಪ್ರೀತಿಯಾ? ಉರಿಯುವುದಿಲ್ಲ ಅಂತ ಒಂದು ಸಲ ಹೇಳಿದ್ರೆ ಕಲೀತಿದ್ದೆ. ಇವಳಿಗೆ ಎಲ್ಲಿ ಬರ್ತದೆ ಅಂತ ಅವರೇ ತೀರ್ಮಾನ ಮಾಡಿದ್ದು."

ಅಟ್ಟಕ್ಕೇರಿಸಿ ಏಣಿ ತೆಗೆಯುವುದೆಂದರೆ ಇದೇ.

ಅವಳು ಐರನ್ ಬಿಸಿ ಮಾಡಿದಳು. ಬೆಲ್ಲಿನ ಹೊಳೆಯುವ ಬೆಸುಗೆಗಳನ್ನೆಲ್ಲ ಕರಗಿಸಿ ತೆಗೆದು, ತನಗೆ ಬರುವ ಹಾಗೆ ಬೆಸೆದು, ಬಾಗಿಲಿಗೆ ಸಿಕ್ಕಿಸಿದಳು.

ಶುಕೂರ್ ಬಂದು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ, ಬಾಗಿಲು ಬಡಿದ. "ಸಾಲಿಹಾ, ಬೆಲ್ ಹಾಳಾಗಿದೆಯಾ?"

"ಇಲ್ಲ," ಎಂದಳು ಒಳಗಿಂದಲೇ. "ನಾನು ಮಾಡಿದ್ದು ಹೇಗಿತ್ತೋ ಹಾಗೇ ಉಂಟು."

ಹೊರಗೆ ಶುಕೂರ್ ಬೆಲ್ಲನ್ನು ಕಳಚಿ, ತಿರುಗಿಸಿ ಹಿಂಬದಿ ನೋಡಿದ.