ಗ್ಲಾಸ್ಗೊದಲ್ಲಿ ಜಿನ್ನವ್ವನ ಖಿಚಡಿ

ನನ್ನ ಸೋದರತ್ತೆ ಜಿನ್ನವ್ವ ಬೆಲ್ಲದ ಬಾಗೇವಾಡಿ ಬಿಟ್ಟು ದೂರ ಹೋದದ್ದು ಮೂರೇ ಸಲ. ಒಮ್ಮೆ ಶ್ರವಣಬೆಳಗೊಳಕ್ಕೆ, ಒಮ್ಮೆ ಕೊಲ್ಲಾಪುರದ ದವಾಖಾನೆಗೆ, ಒಮ್ಮೆ ಗ್ಲಾಸ್ಗೊಗೆ. ಮೊದಲೆರಡನ್ನು ಒಂದು ಮಾತಿನಲ್ಲಿ ಮುಗಿಸುತ್ತಾಳೆ. ಗ್ಲಾಸ್ಗೊ ಎಂದರೆ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡುತ್ತಾಳೆ. ಆ ನಗು ನಿಲ್ಲುವವರೆಗೆ ನಾವು ಕಾಯಬೇಕು.

ಅದು 1936ರ ಜೂನ್ ತಿಂಗಳು. ಬಾಗೇವಾಡಿಯ ಹನ್ನೊಂದು ಮನೆಯ ಕಬ್ಬಿನ ರೈತರು ಸೇರಿ ಎತ್ತಿನ ಗಾಣ ಬಿಟ್ಟು ಎಂಜಿನ್ನಿನ ಗಾಣ ತರಿಸಬೇಕೆಂದು ನಿಶ್ಚಯಿಸಿದ್ದರು. ಅಂಥ ಗಾಣಗಳನ್ನು ಎರಕ ಹೊಯ್ಯುವ ಊರು ಗ್ಲಾಸ್ಗೊ. ಕಬ್ಬು ಅರೆಯುವ ರೋಲರಿನ ಮೇಲೆ ಅಂಗೈ ಇಟ್ಟು ಒಂದು ಸುತ್ತು ತಿರುಗಿಸಿದರೆ ಅದು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳಬಲ್ಲವರು ಊರಿನಲ್ಲಿ ಒಬ್ಬರೇ: ಜಿನ್ನವ್ವನ ಗಂಡ, ನಮ್ಮ ಧರಣೇಂದ್ರ ಮಾವ. ಆದ್ದರಿಂದ ಅವರೇ ಹೋಗಬೇಕಾಯಿತು.

ಆದರೆ ಮಾವನಿಗೆ ಇಪ್ಪತ್ತಾರನೆಯ ವಯಸ್ಸಿನಿಂದ ಜೈನರ ಒಂದು ವ್ರತ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಬೆಳಗ್ಗೆ ಹೊತ್ತು ಹುಟ್ಟಿ ನಲವತ್ತೆಂಟು ನಿಮಿಷ ಆಗುವ ತನಕವೂ ಮುಟ್ಟುವುದಿಲ್ಲ. ರಾತ್ರಿ ಉಳಿದ ತಂಗಳು ವರ್ಜ್ಯ. ಅಡುಗೆಯೂ ಮನೆಯವರ ಕೈಯದೇ ಆಗಬೇಕು. ಹೀಗಾಗಿ ಜಿನ್ನವ್ವನೂ ಹೊರಟಳು. ಪಕ್ಕದ ಮನೆಯ ಖಂಡೆಪ್ಪ ಕಟ್ಟೆಯ ಮೇಲಿಂದಲೇ ಕೇಳಿದ: "ಯಾಕ್ರಿ ವೈನಿ, ಗಾಣಾ ನೋಡಾಕ ಹೊಂಟೀರೋ, ಹೊಸಾ ಮದುಮಕ್ಕಳಂಗ ತಿರಗಾಕ ಹೊಂಟೀರೋ?"

"ಎರಡೂ ಅದಾವೋ. ನಿನಗ್ಯಾಕ ಹೊಟ್ಟಿಕಿಚ್ಚು?" ಎಂದಳು ಜಿನ್ನವ್ವ.

ಹಡಗಿನಲ್ಲಿ ಮಾವನಿಗೆ ಇಪ್ಪತ್ತು ದಿನವೂ ತಲೆ ಸುತ್ತು. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಲಿವರ್‌ಪೂಲಿನಲ್ಲಿ ಇಳಿದು ರೈಲು ಹತ್ತುವಾಗ ಅವರು ಹಿಂದಿನ ಮಧ್ಯಾಹ್ನದಿಂದ ತಿಂದದ್ದು ಎರಡು ಬಾಳೆಹಣ್ಣು. ಮರುದಿನ ಮುಂಜಾನೆ ಒಂಬತ್ತಕ್ಕೆ ಗಾಣದ ಕಂಪನಿಯ ಏಜೆಂಟ ಬಂದು ಕಾರಖಾನೆಗೆ ಕರೆದೊಯ್ಯುವವನಿದ್ದ. ಜಿನ್ನವ್ವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಇವತ್ತು ಸಂಜೆಯೊಳಗೆ ಈ ಮನುಷ್ಯನ ಹೊಟ್ಟೆಗೆ ಬಿಸಿ ಅನ್ನ ಬೀಳಬೇಕು. ಇಲ್ಲವಾದರೆ ನಾಳೆ ರೋಲರಿನ ಮೇಲೆ ಕೈ ಇಡುವ ಬದಲು ಇವರೇ ಅದರ ಮೇಲೆ ಬಿದ್ದಾರು.

ಏಜೆಂಟ ಪತ್ರದಲ್ಲಿ 'ಊರ ನಡುವಿನ ಉತ್ತಮ ಹೋಟೆಲು' ಎಂದು ಬರೆದಿದ್ದ. ಆ ನಾಲ್ಕು ಪದಕ್ಕೆ ಮಾವ ದಾರಿಯುದ್ದಕ್ಕೂ ಹಾಲುಗಲ್ಲು, ಕಾರಂಜಿ, ತೋಟ ಎಲ್ಲ ಸೇರಿಸಿದ್ದರು. ಗ್ಲಾಸ್ಗೊದಲ್ಲಿ ಇಳಿದಾಗ ಸಿಕ್ಕಿದ್ದು ಮೂರನೆಯ ಮಹಡಿಯ ಒಂದು ಕೋಣೆ. ಉದ್ದ ಹತ್ತಡಿ, ಅಗಲ ಎಂಟಡಿ. ಕಿಟಕಿಯ ಹೊರಗೆ ಹೊಗೆ ಉಗುಳುವ ಕೊಳವೆಗಳು. ನಲ್ಲಿ ಮೊದಲು ಕೆಮ್ಮಿ, ಆಮೇಲೆ ಚಹಾದ ಬಣ್ಣದ ನೀರು ಬಿಟ್ಟಿತು. ಮಂಚದ ನಡುವೆ ಎಂಥ ತಗ್ಗೆಂದರೆ ಇಬ್ಬರೂ ಎರಡು ಅಂಚಿಗೆ ಕುಳಿತರೂ ಉರುಳಿ ನಡುವೆ ಸೇರುತ್ತಿದ್ದರು.

"ಏನ್ರಿ, ಇದ ಏನ ನಿಮ್ಮ ಅರಮನಿ?"

"ಮುಂದ ಹೋಗ, ಮುಂದ ದೊಡ್ಡದ ಇರಬೇಕು."

"ಮುಂದ ಗ್ವಾಡಿ ಐತ್ರಿ!"

ಕೋಣೆಯಲ್ಲಿ ಅಡುಗೆ ಮಾಡಕೂಡದು ಎಂದು ಬಾಗಿಲ ಹಿಂದೆ ಚೀಟಿ ಅಂಟಿಸಿತ್ತು. ಮಾವ ಅದನ್ನು ಓದಿ ಹೇಳಿದರು. ಜಿನ್ನವ್ವ ಅದರ ಮೇಲೆ ತನ್ನ ಶಾಲು ನೇತುಹಾಕಿ, ಊರಿನಿಂದ ತಂದ ಸೀಮೆಎಣ್ಣೆ ಸ್ಟೋವ್ ಹೊರತೆಗೆದಳು. ನೀರನ್ನು ಅರಿವೆಯಲ್ಲಿ ಸೋಸಿ ಕಾಯಿಸಬೇಕು. ಸ್ಟೋವಿನ ಪಿನ್ನು ಎಲ್ಲೋ ಕಳೆದಿತ್ತು. ತಲೆಯ ಪಿನ್ನಿನಿಂದ ಸ್ಟೋವಿನ ತೂತು ಚುಚ್ಚಿ, ಬೈದು, ಊದಿ, ಹೆಸರುಬೇಳೆ ಖಿಚಡಿ ಇಳಿಸುವಷ್ಟರಲ್ಲಿ ಏಳು ಗಂಟೆ ಹತ್ತು ನಿಮಿಷ.

ಆಕಾಶದಲ್ಲಿ ಬೆಳಗಿನಿಂದಲೂ ದಟ್ಟ ಮೋಡ. ಮಾವ ಗಡಿಯಾರ ನೋಡಿ ತಾಟು ಸರಿಸಿದರು.

"ಹೊತ್ತ ಮುಳುಗೇತಿ. ಆತು ಇವತ್ತಿಂದು."

"ಮುಳುಗಿದ್ದ ಯಾರ ನೋಡ್ಯಾರ್ರಿ? ಮೋಡ ಐತಿ. ಎರಡ ತುತ್ತ ಉಣ್ರಿ."

"ಜೂನದಾಗ ಏಳೂ ಐದಕ್ಕ ಮುಳುಗತೈತಿ. ಮೂವತ್ತ ವರ್ಷ ನೋಡೇನಿ."

"ಅದು ಬಾಗೇವಾಡ್ಯಾಗ!"

"ಬಾಗೇವಾಡಿಗೊಬ್ಬ, ಇಲ್ಲಿಗೊಬ್ಬ ಸೂರ್ಯಾ ಅದಾನೇನ?"

ಮಾವ ರುಮಾಲು ಬಿಚ್ಚಿದರು. ಜಿನ್ನವ್ವ ತಾನೂ ಉಣ್ಣಲಿಲ್ಲ. ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟಳು. ಇಬ್ಬರೂ ಮಂಚದ ತಗ್ಗಿಗೆ ಉರುಳಿಕೊಂಡು ಮಲಗಿಬಿಟ್ಟರು.

ಮೋಡ ಒಡೆದು ಬಿಸಿಲು ನೇರವಾಗಿ ಮಾವನ ಮುಖಕ್ಕೆ ಹೊಡೆದಾಗ ಗಡಿಯಾರದಲ್ಲಿ ಎಂಟು ನಲವತ್ತು. ಮಾವ ಎದ್ದು ಕುಳಿತರು.

"ಏಳ, ಏಳ! ಬೆಳಕ ಹರದೈತಿ! ಒಂಬತ್ತಕ್ಕ ಏಜೆಂಟ ಬರ್ತಾನ!"

ಜಿನ್ನವ್ವನೂ ಒಂದು ಜೊಂಪು ತೆಗೆದಿದ್ದಳು. ಆದರೂ ರಾತ್ರಿ ಕಳೆಯಿತೆಂದು ಅವಳಿಗೆ ಅನಿಸಲಿಲ್ಲ. "ನಾ ಕಣ್ಣ ಮುಚ್ಚೇ ಇಲ್ರಿ," ಎಂದಳು.

"ನಿನ್ನ ಗೊರಕಿಗೆ ನನಗ ಎರಡ ಸಲ ಎಚ್ಚರಾತು!"

"ಗಡಗಿ ಇನ್ನೂ ಬಿಸಿ ಐತಿ ನೋಡ್ರಿ."

"ಕಂಬಳ್ಯಾಗ ಸುತ್ತಿದ್ರ ನಾಡದತನಕ ಬಿಸಿ ಇರ್ತೈತಿ."

ಗಡಿಯಾರ ಸಹಾಯಕ್ಕೆ ಬರಲಿಲ್ಲ. ಎಂಟು ನಲವತ್ತು ಮುಂಜಾನೆಯೂ ಆಗುತ್ತದೆ, ಸಂಜೆಯೂ ಆಗುತ್ತದೆ. ಕಿಟಕಿ ಮೂಡಣಕ್ಕೋ ಪಡುವಣಕ್ಕೋ ಗೊತ್ತಿಲ್ಲ. ಮುಂಜಾನೆಯಾದರೆ ಆ ಖಿಚಡಿ ತಂಗಳು, ಗುಬ್ಬಿಗಳಿಗೆ ಚೆಲ್ಲಬೇಕು. ಹೊಸ ಅಡುಗೆಗೆ ವೇಳೆಯಿಲ್ಲ, ಮಾವ ಹಸಿದೇ ಕಾರಖಾನೆಗೆ ಹೋಗಬೇಕು. ಸಂಜೆಯಾದರೆ ಅದೇ ಖಿಚಡಿ ಶುದ್ಧ, ಈ ಕ್ಷಣವೇ ಉಣ್ಣಬೇಕು. ಮಾವ ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

ಆಗ ಜಿನ್ನವ್ವ ಸ್ಟೋವಿನ ಮಸಿಗೆ ಬೆರಳು ಒತ್ತಿ, ಎದುರಿನ ಗೋಡೆಯ ಮೇಲೆ ಬಿದ್ದ ಬಿಸಿಲಿನ ಮೇಲಂಚಿಗೆ ಒಂದು ಗೆರೆ ಎಳೆದಳು. ಊರಿನ ಅಡುಗೆಮನೆಯಲ್ಲಿ ದಿನಾ ಸಂಜೆ ಅವಳು ಮಾಡುವ ಕೆಲಸವೇ ಇದು. ಸೂರ್ಯ ಇಳಿದಷ್ಟೂ ಬೆಳಕು ಗೋಡೆಯ ಮೇಲೆ ಏರುತ್ತದೆ; ಸೂರ್ಯ ಏರಿದರೆ ಬೆಳಕು ಇಳಿಯುತ್ತದೆ.

"ಹತ್ತ ನಿಮಿಷ ಕುಂಡ್ರಿ."

"ಏಜೆಂಟ—"

"ಬಂದ್ರ ಅವಂಗೂ ಕುಂಡ್ರ ಅಂತೇನಿ."

ಇಬ್ಬರೂ ಗೋಡೆ ನೋಡುತ್ತ ಕುಳಿತರು. ಹತ್ತು ನಿಮಿಷಕ್ಕೆ ಬೆಳಕು ಗೆರೆ ದಾಟಿ ನಾಲ್ಕು ಬೆರಳು ಮೇಲೆ ಹೋಯಿತು. (ಹತ್ತಡಿಯ ಕೋಣೆ, ಆ ಊರಿನ ಅಕ್ಷಾಂಶ, ಆ ತಿಂಗಳು ಹಿಡಿದು ನಾನು ಲೆಕ್ಕ ಹಾಕಿ ನೋಡಿದ್ದೇನೆ. ನಾಲ್ಕು ಬೆರಳು ಸರಿಯಾಗಿಯೇ ಬರುತ್ತದೆ.)

"ಏರೇತಿ! ಸಂಜಿ ಐತ್ರಿ! ಉಣ್ರಿ, ಉಣ್ರಿ, ಉಣ್ರಿ!"

ಮಾವ ಒಂದೇ ಕಾಲುಚೀಲದಲ್ಲಿ ನೆಲಕ್ಕೆ ಕುಳಿತರು. ಸೂರ್ಯ ಇನ್ನೇನು ಜಾರಿಬಿಡುತ್ತಾನೆಂಬ ಗಾಬರಿಯಲ್ಲಿ ತುತ್ತಿನ ಮೇಲೆ ತುತ್ತು. ಜಿನ್ನವ್ವ ತುಪ್ಪ ಸುರಿಯುತ್ತ ಒಂದು ಕಣ್ಣು ಕಿಟಕಿಯ ಮೇಲಿಟ್ಟಿದ್ದಳು. ಒಂಬತ್ತಾಯಿತು. ಬಿಸಿಲು ಇತ್ತು. ಒಂಬತ್ತೂ ಕಾಲು. ಪಾತ್ರೆ ಬರಿದಾಯಿತು, ಬಿಸಿಲು ಇತ್ತು.

"ಏ ಇಕಿನ, ಇನ್ನೂ ಐತಿ!"

"ಹೌದಲ್ರಿ! ಇದಕ್ಕೇನ ಮನಿ ಮಾರು ಇಲ್ಲೇನ!"

ಅಲ್ಲಿಂದ ನಗು ಶುರುವಾಯಿತು. ಮಾವ ಬಗ್ಗಿ ಸೂರ್ಯನನ್ನು ನೋಡುವುದು, ಅವನು ಅಲ್ಲೇ ಇರುವುದು, ಇಬ್ಬರೂ ನಗುವುದು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ಅವಳು ಅಂದೇ ನೋಡಿದಳಂತೆ.

"ನೀ ಉಂಡೇ ಇಲ್ಲಲ್ಲ," ಎಂದರು ಮಾವ ಕೊನೆಗೆ ಕಣ್ಣೊರೆಸಿಕೊಂಡು. "ಇನ್ನೊಂದ ಗಡಗಿ ಇಡು. ಹೊತ್ತ ಭಾಳ ಐತಿ."

ಈ ಸಲ ಸ್ಟೋವ್ ಮಾವನೇ ಹಚ್ಚಿದರು. ಜಿನ್ನವ್ವ ಜೀರಿಗೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಳು. ಸಂಕೇಶ್ವರದ ಮೆಣಸಿನಕಾಯಿ ಅದು. ಘಾಟು ಬಾಗಿಲ ಸಂದಿಯಿಂದ ಇಳಿದು ಕೆಳಗಿನ ಮಹಡಿಗಳಿಗೆ ಹೋಯಿತು. ಮೊದಲು ಯಾರೋ ಸೀನಿದರು, ಆಮೇಲೆ ಬಹಳ ಜನ ಸೀನಿದರು. ಹೋಟೆಲಿನ ಒಡತಿ ಕೆಮ್ಮುತ್ತ ಮೇಲೆ ಬಂದು ಬಾಗಿಲು ಬಡಿದಳು. ಇಂಗ್ಲಿಷಿನಲ್ಲಿ ಏನೇನೋ ಕೂಗಿದಳು.

ಮಾವ ಬಾಗಿಲು ತೆರೆಯಲಿಲ್ಲ. ಹೆಂಡತಿಯ ತಾಟಿಗೆ ಖಿಚಡಿ ಬಡಿಸುತ್ತ ಒಳಗಿನಿಂದಲೇ ಕೂಗಿದರು: "ಉಣ್ಣಾಕತ್ತೇವ್ರಿ ಬಾಯಾರ! ಹೊತ್ತ ಮುಳುಗಿದ ಮ್ಯಾಲ ಬರ್ರಿ!"

ಪಂಚಾಂಗದ ಪ್ರಕಾರ ಆ ದಿನ, ಬೇಸಿಗೆಯಲ್ಲಿ ಹಗಲು ಬಹಳ ಉದ್ದವಾಗುವ ಆ ಉತ್ತರದ ಗ್ಲಾಸ್ಗೊದಲ್ಲಿ ಸೂರ್ಯ ಮುಳುಗಿದ್ದು ಹತ್ತು ಗಂಟೆ ಐದು ನಿಮಿಷಕ್ಕೆ. ಜಿನ್ನವ್ವ ಕೈ ತೊಳೆದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಉಳಿದ ಕಾಲು ಗಂಟೆ ಅವರು ಕಿಟಕಿಯ ಹತ್ತಿರ ಕುಳಿತು, ನೀರು ಕುಡಿಯುತ್ತ, ಅವನು ಹೋಗುವುದನ್ನೇ ನೋಡಿದರು.