ಗೇಟಿನಾಚೆ ಸುರಿದ ನೀರು

ಮೂಗಿನ ತುದಿಯಲ್ಲೇ ಕೋಪ ಇದ್ದದ್ದರಿಂದ ಮನೆಯವರೆಲ್ಲ ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಊರವರ ಮನೆಗಳಿಗೆ ಹೋಗಿ ಸೋಫಾ, ಕಾರ್ಪೆಟ್ ತೊಳೆಯುವುದು ಅವಳ ಕೆಲಸ. ಯಂತ್ರ, ವ್ಯಾನು ಎರಡೂ ಅಕ್ಕನ ಗಂಡನವು. ಉಜ್ಜುವುದು ಇವಳ ಪಾಲು; ಯಂತ್ರ ಹೀರಿಕೊಂಡ ಕೊಳೆನೀರು ಚೆಲ್ಲುವುದು ಭಾವನ ಪಾಲು. ಅದನ್ನು ಗಿರಾಕಿಯ ಮನೆಯ ಕಕ್ಕಸಿಗೇ ಸುರಿದು, ಕಕ್ಕಸು ತೊಳೆದು ಬರಬೇಕು. ಭಾವನಿಗೆ ಅಷ್ಟು ವ್ಯವಧಾನ ಎಲ್ಲಿಯದು? ಗೇಟಿನಾಚೆಯ ಮಳೆನೀರಿನ ಚರಂಡಿಗೆ ಬಗ್ಗಿಸಿ ಕೈ ಝಾಡಿಸಿಬಿಡುತ್ತಿದ್ದ. ಅದು ನೆಟ್ಟಗೆ ಕೆರೆಗೆ ಹೋಗುತ್ತದೆಂದು ಅವಳು ಹೇಳಿ ಹೇಳಿ ಸೋತಿದ್ದಳು. ಕೆರೆಯೇನು ನಿಮ್ಮಪ್ಪನದಾ ಎಂದು ಆತ ನಗುತ್ತಿದ್ದ.

ಒಂದು ದಿನ ಇಳಿಜಾರು ಬೀದಿಯ ಮನೆಯೊಂದರಲ್ಲಿ, ನಾಯಿ ಮಲಗಿ ಮಲಗಿ ನಾರುತ್ತಿದ್ದ ಸೋಫಾ ತೊಳೆದರು. ನೀರು ಇದ್ದಿಲು ಕಲಸಿದಂತಿತ್ತು. ಚರಂಡಿಯಲ್ಲಿ ಕಸ ಕಟ್ಟಿಕೊಂಡಿತ್ತು. ಭಾವ ಸುರಿದದ್ದೆಲ್ಲ ಉಕ್ಕಿ ಕೆಳಮನೆಯ ಬೇಲಿಯೊಳಗೆ ನುಗ್ಗಿತು. ಅಲ್ಲಿನ ಮುದುಕರೊಬ್ಬರ ಸೊಪ್ಪಿನ ಮಡಿಯ ತುಂಬ ಸೋಪಿನ ನೊರೆ. ಇವಳು ಖಾಲಿ ಬಕೆಟ್ ಹಿಡಿದು ಹೊರಬರುವುದಕ್ಕೂ ಅವರು ಏರಿ ಬರುವುದಕ್ಕೂ ಸರಿಹೋಯಿತು. ಹೊಟ್ಟೆಗೆ ಏನು ತಿನ್ನುತ್ತೀಯ ಎಂದು ಶುರುವಾದ ಬೈಗುಳ ಹೆತ್ತವರ ತನಕ ಹೋಯಿತು. ಭಾವ ವ್ಯಾನಿನಲ್ಲಿ ಕೂತು, ಬೀದಿಯ ಆ ತುದಿಯಲ್ಲಿ ಏನೋ ಕಂಡವನಂತೆ ನೋಡುತ್ತಿದ್ದ.

ಬೈಗುಳಕ್ಕಿಂತ ಆ ಮೌನಕ್ಕೆ ಅವಳ ಮೈ ಉರಿದುಹೋಯಿತು.

"ಸುರಿದೋರು ಅಲ್ಲಿ ಕೂತಿದ್ದಾರೆ, ಅವರನ್ನ ಕೇಳಿ," ಎಂದವಳೇ ಹೋಗಿ ವ್ಯಾನಿನ ಬಾಗಿಲು ತೆಗೆದಳು. "ಇಳೀರಿ ಭಾವ."

ಭಾವ ಇಳಿದು, ತಲೆ ತಗ್ಗಿಸಿ, ತಪ್ಪಾಯ್ತೆಂದು ಗೊಣಗಿದ. ಸಂಜೆ ಅಕ್ಕ ಬುಸುಗುಟ್ಟುತ್ತ ಬಂದಳು.

"ಒಂದು ಬಕೆಟ್ ನೀರಿಗೋಸ್ಕರ ಮನೆ ಮರ್ಯಾದೆ ಬೀದಿಗೆ ತಂದ್ಯಲ್ಲೇ."

"ಬೀದಿಗೆ ದಿನಾ ಸುರೀತಿದ್ದಿದ್ದು ನಿನ್ನ ಗಂಡ. ನಾನಲ್ಲ."

ಅಕ್ಕ ಬಾಗಿಲು ದಡಾರನೆ ಎಳೆದುಕೊಂಡು ಹೋದಳು.

ಮರುದಿನ ಇವಳು ಗುದ್ದಲಿ ಹಿಡಿದು ಮುದುಕರ ಮನೆಗೆ ಹೋದಳು. ನೊರೆ ಕುಡಿದ ಮೇಲ್ಮಣ್ಣು ಕೆರೆದು ತೆಗೆದು, ಹೊಸ ಮಣ್ಣು ತುಂಬಿದಳು. ಅವಳನ್ನು ಬೈದದ್ದು ತಪ್ಪಾಯ್ತೆಂದು ಅವರು ಹೇಳಲಿಲ್ಲ. ಮೂಲೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ನೋಡು ಎಂದರು. ಅವಳಿಗೆ ಮತ್ತೆ ಸಿಟ್ಟು ಬಂತು. ಆದರೂ ಆ ಮೂಲೆಯನ್ನೂ ಕೆರೆದಳು.

ಈಗ ಬಾಡಿಗೆ ಯಂತ್ರ ತಂದು ಒಬ್ಬಳೇ ದುಡಿಯುತ್ತಾಳೆ. ಕೆಲಸ ಅರ್ಧಕ್ಕಿಳಿದಿದೆ. ನಮ್ಮ ಕಕ್ಕಸಿಗೆ ಬೇಡ, ಹೊರಗೆಲ್ಲಾದರೂ ಚೆಲ್ಲು ಎನ್ನುವ ಗಿರಾಕಿಗಳೂ ಇದ್ದಾರೆ. ನಿಮ್ಮನೆ ಕೊಳೆ ನಿಮಗೇ ಅಸಹ್ಯವಾದರೆ ಬೀದಿಯವರಿಗೆ ಹೇಗಿರಬೇಡ ಎಂದು ಕೇಳಿ ಕೆಲವು ಮನೆಗಳನ್ನು ಕಳೆದುಕೊಂಡಿದ್ದಾಳೆ. ಅಕ್ಕ ಆಗಾಗ ಫೋನ್ ಮಾಡುತ್ತಾಳೆ. ಭಾವನ ಮಾತು ಬಂದರೆ ಮಾತ್ರ ಇಬ್ಬರೂ ಬೇರೆ ಮಾತು ತೆಗೆಯುತ್ತಾರೆ.