ನಮ್ಮ ವೈನಿ ಆಡಿದ ಮಾತು

ನಮ್ಮ ವೈನಿಯ ಯಾವ ಸೀರೆಯನ್ನು ಬಿಚ್ಚಿ ನೋಡಿದರೂ ಸೆರಗಿನ ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಇಲಿ ಕಡಿದದ್ದಲ್ಲ, ಅವು ಅವಳ ಹಲ್ಲಿನವು. ಅಂಜಿಕೆಯಾದಾಗಲೆಲ್ಲ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚುವುದು ಅವಳ ಚಾಳಿ. ಗುಡುಗಿದರೆ ಕಚ್ಚುತ್ತಿದ್ದಳು, ಜಂತಿಯಿಂದ ಹಲ್ಲಿ ಬಿದ್ದರೆ ಕಚ್ಚುತ್ತಿದ್ದಳು, ಓಣಿಯಲ್ಲಿ ಬೂಟಿನ ಸಪ್ಪಳ ಕೇಳಿದರೆ ಕಣ್ಣು ಮುಚ್ಚಿಕೊಂಡು ಕಚ್ಚುತ್ತಿದ್ದಳು. ನಾರಾಯಣಪೇಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆತನ ನಮ್ಮದು. ಅಪ್ಪ ಅವಳ ಸೆರಗು ನೋಡಿ ನಗುತ್ತಿದ್ದ: “ನಾ ನೇಯೋದಕ್ಕಿಂತ ನೀ ಕಡಿಯೋದ ಹೆಚ್ಚಾತಲ್ಲವ್ವಾ.”

ವೈನಿ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ಮಕ್ತಲದ ಹುಡುಗಿ. ಅವಳು ನಮ್ಮ ಮನೆಗೆ ಬಂದಾಗ ಅವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ನನ್ನ ಹೇನು ಹೆಕ್ಕಿದವಳು, ಜಡೆ ಹಾಕಿದವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟು ಕೂತವಳು ಅವಳೇ. ಆದರೆ ಅವಳನ್ನು ದೇವತೆ ಮಾಡಿ ಬರೆಯಲಾರೆ. ಸಣ್ಣಪುಟ್ಟದಕ್ಕೆಲ್ಲ ಸುಳ್ಳು ಹೇಳುತ್ತಿದ್ದಳು. ಹಾಲು ಉಕ್ಕಿದರೆ ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಿದ್ದಳು. ಜೊತೆಗೆ ಜಂಬ. “ನಮ್ಮ ಮಕ್ತಲದ ಬಾವಿ ನೀರು ಕುಡದ್ರ ಬೆಲ್ಲ ಬ್ಯಾಡ” ಎನ್ನುತ್ತಿದ್ದಳು. ಯಾರಾದರೂ ಒಂದು ಮಾತು ಚುಚ್ಚಿದರೆ ಎರಡು ಮಾತು ಹಿಂದಿರುಗಿಸದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅಷ್ಟು ಅಂಜುವವಳಿಗೆ ಅಂಥ ನಾಲಿಗೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

ನಾನು ಹೇಳುತ್ತಿರುವುದು ಪೊಲೀಸ್ ಆಕ್ಷನ್ ಆದ ವರ್ಷದ, ಅಂದರೆ ನಲವತ್ತೆಂಟರ ಮಾತು. ಆಗ ಅವಳಿಗೆ ಇಪ್ಪತ್ತು, ಅವಳ ಮಗಳಿಗೆ ಎಂಟು ತಿಂಗಳು, ನನಗೆ ಹನ್ನೊಂದು. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕು ಎನ್ನುತ್ತಿದ್ದ ಹುಡುಗರ ಜೊತೆ ಅಣ್ಣ ಊರು ಬಿಟ್ಟಿದ್ದ. ಗದ್ವಾಲದ ಆಚೆ, ರಾಜೋಳಿಯ ಹತ್ತಿರ ತುಂಗಭದ್ರೆಯನ್ನು ದಾಟಿದರೆ ಬೇರೆ ಸರಕಾರದ ನೆಲ. ಅಲ್ಲಿದ್ದ. ಇತ್ತ ನಮ್ಮ ಊರಲ್ಲಿ ನಿಜಾಮರ ಪರವಾಗಿ ಖಾಕಿ ತೊಟ್ಟು ಲಾಠಿ ಹಿಡಿದವರು ಓಣಿ ಓಣಿ ತಿರುಗುತ್ತಿದ್ದರು. ಅವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ‘ಅವರು’ ಎಂದರೆ ಸಾಕಿತ್ತು, ವೈನಿಯ ಸೆರಗು ಬಾಯಿಗೆ ಹೋಗುತ್ತಿತ್ತು.

ಒಂದು ದಿನ ಕಂಬಳಿ ಮಾರುವವನೊಬ್ಬ ಬಂದು, ಕಂಬಳಿ ಹರವುತ್ತ ತಗ್ಗಿದ ದನಿಯಲ್ಲಿ, “ನಿಮ್ಮ ಹುಡುಗ ಬರೋ ಶುಕ್ರವಾರ ಬಂದು ಮಕ ತೋರ್ಸಿ ಹೋಗ್ತಾನಂತ” ಎಂದು ಹೇಳಿಹೋದ. ಅಪ್ಪ ನಮ್ಮಿಬ್ಬರನ್ನೂ ಕೂರಿಸಿ, “ಈ ಮಾತು ಹೊಸ್ತಿಲ ದಾಟಬಾರದು” ಎಂದ.

ಎರಡು ದಿನ ದಾಟಲಿಲ್ಲ. ಮೂರನೆಯ ದಿನ ವೈನಿ, ನಾನು ನೀರಿಗೆ ಹೋದೆವು. ಬಾವಿಯ ಹತ್ತಿರ ಐದಾರು ಹೆಂಗಸರಿದ್ದರು. ಅರಿವೆ ಅಂಗಡಿಯವರ ಸೊಸೆ ಕೊಡ ತಿಕ್ಕುತ್ತ, “ಗಂಡ ಹೋಗಿ ಇಷ್ಟು ದಿನಾ ಆತು. ಹೊಳಿ ಆಚಿ ಯಾರನ್ನರ ನೋಡಿಕೊಂಡಾನೇನೋ” ಎಂದು ನಕ್ಕಳು. ಉಳಿದವರೂ ನಕ್ಕರು. ವೈನಿಯ ಕಿವಿ ಕೆಂಪಾದವು. ನಾನು ಅವಳ ಸೀರೆ ಜಗ್ಗಿದೆ. ಅವಳು ಕೈ ಕೊಡವಿಕೊಂಡು ಅಂದೇಬಿಟ್ಟಳು: “ಶುಕ್ರವಾರ ಬರ್ತಾರ. ಬಂದ ಮ್ಯಾಲ ನಿಮ್ಮ ಮನಿ ಮುಂದನ ಕರಕೊಂಡು ಹೋಗ್ತೀನಿ, ಕಣ್ಣು ತುಂಬ ನೋಡ್ರಿ.”

ದಾರಿಯಲ್ಲಿ ಅವಳ ಕೊಡ ತುಳುಕುತ್ತಿತ್ತು. ಮನೆ ಹೊಕ್ಕ ಕೂಡಲೇ ಬಾಗಿಲು ಹಾಕಿ, ನನ್ನ ಕೈ ಹಿಡಿದೆಳೆದು ಮಗುವಿನ ತಲೆಯ ಮೇಲೆ ಇಟ್ಟಳು. “ನಾ ಅಂದಿದ್ದು ಯಾರ ಮುಂದೂ ಹೇಳಬ್ಯಾಡ. ಕೂಸಿನ ಆಣಿ.” ಮಗುವಿನ ನೆತ್ತಿ ನನ್ನ ಅಂಗೈ ಕೆಳಗೆ ಮೆತ್ತಗೆ ಬಡಿದುಕೊಳ್ಳುತ್ತಿತ್ತು. ನಾನು “ಆಣಿ” ಎಂದೆ.

ಶುಕ್ರವಾರ ಅಣ್ಣ ಬರಲಿಲ್ಲ. ಕೃಷ್ಣೆ, ತುಂಗಭದ್ರೆ ಎರಡೂ ತುಂಬಿ ಹರಿಯುತ್ತಿದ್ದವೆಂದು ಆಮೇಲೆ ತಿಳಿಯಿತು. ಬಂದವರು ಅವರು. ನಡುಮಧ್ಯಾಹ್ನ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. “ಬೇಟಾ ಕಹಾಂ ಹೈ?” ಎಂದು ಒಬ್ಬ ಕೇಳಿದ. ಮಗ ಎಲ್ಲಿದ್ದಾನೋ ಗೊತ್ತಿಲ್ಲವೆಂದ ಅಪ್ಪ. ಹಾಸಿದ ನೂಲನ್ನು ಬೂಟುಗಾಲಲ್ಲಿ ತುಳಿದರು, ಕಾಳು ತುಂಬುವ ಹಗೇವಿನ ಬಾಯಿ ತೆಗೆದು ಕೋಲಾಡಿಸಿದರು, ಕೊನೆಗೆ ಅಪ್ಪನನ್ನೇ ಎಳೆದುಕೊಂಡು ಹೋದರು. ವೈನಿ ಮಗುವನ್ನು ಎದೆಗವಚಿಕೊಂಡು ಒಲೆಯ ಮೂಲೆಯಲ್ಲಿ ಕೂತಿದ್ದಳು. ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು.

ಮೂರನೆಯ ದಿನ ಅಪ್ಪ ತಾನೇ ನಡೆದು ಬಂದ. ಬಲಗೈಗೆ ಹೊಲಸು ಅರಿವೆ ಸುತ್ತಿತ್ತು. ಬಿಚ್ಚಿ ನೋಡಿದರೆ ಮೂರು ಬೆರಳು ಮುರಿದಿದ್ದವು. ಲಾಳಿ ಎಸೆಯುವ ಕೈ.

ಅಂದಿನಿಂದ ಅಪ್ಪನಿಗೆ ವೈನಿಯೇ ತುತ್ತು ಕಲಸಿ ಉಣಿಸಬೇಕಾಯಿತು. ಜೋಳದ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಮಗುವಿಗೆ ಇಟ್ಟಂತೆ ಇಡುತ್ತಿದ್ದಳು. ಪ್ರತಿ ತುತ್ತಿಗೂ ಅಪ್ಪ, “ಪುಣ್ಯಾತ್ಗಿತ್ತಿ ಅದಿ ನಮ್ಮವ್ವಾ” ಎನ್ನುತ್ತಿದ್ದ. ಅವಳು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬರುತ್ತಿದ್ದಳು. ಮೊಲೆಹಾಲು ಕಮ್ಮಿಯಾಯಿತು. ಮಗು ದಿನವಿಡೀ ಅಳುತ್ತಿತ್ತು. ಇಷ್ಟಾದರೂ ವೈನಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಸುದ್ದಿ ಮುಟ್ಟಿಸಿದವರು ಯಾರು ಎಂದು ಓಣಿಯೆಲ್ಲ ಮಾತಾಡಿತು. ಉತ್ತರ ಹುಡುಕಲು ಯಾರೂ ದೂರ ಹೋಗಲಿಲ್ಲ. ನಮ್ಮ ಮನೆಗೆ ದಿನವೂ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ಅವರ ಉರ್ದುವಿನಲ್ಲಿ ಚಿಕ್ಕವ್ವ ಎಂಬಂತೆ ನಾವು ಖಾಲಾ ಎನ್ನುತ್ತಿದ್ದೆವು. ರಾಟೆ ತಿರುಗಿಸುತ್ತಲೇ ವೈನಿಯ ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. ಅವಳ ಗಂಡ ನಿಜಾಮರ ಕಚೇರಿಯಲ್ಲಿ ಚಪ್ರಾಸಿ. ಅಷ್ಟು ಸಾಕಾಯಿತು. “ದಿನಾ ಮನಿ ಒಳಗ ಬಂದು ಕೂಡಾಕಿ ಆಕಿ. ಗಂಡ ಸರ್ಕಾರಿ ನೌಕರ. ಇನ್ಯಾರು ಹೇಳ್ತಾರ?” ಎಂದರು ಅಪ್ಪನನ್ನು ನೋಡಲು ಬಂದ ಓಣಿಯವರು. ವೈನಿ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

ಮರುದಿನ ಖಾಲಾ ಬಂದಾಗ ಬಾಗಿಲಲ್ಲಿ ವೈನಿಯೇ ನಿಂತಳು.

“ನಾಳಿಂದ ಬರಬ್ಯಾಡ ಖಾಲಾ.”

“ಯಾಕ ಬೇಟಿ?”

“ನೂಲು ಮುಗದೈತಿ.”

ಅವಳ ಬೆನ್ನ ಹಿಂದೆ ಗೂಟಕ್ಕೆ ನೂಲಿನ ಲಡಿಗಳು ತೂಗುತ್ತಿದ್ದವು. ಖಾಲಾ ಅವನ್ನು ನೋಡಿದಳು, ವೈನಿಯನ್ನು ನೋಡಿದಳು, ಹೋದಳು. ಬಾವಿಗೆ ಅವಳು ಬಂದರೆ ಹೆಂಗಸರು ಹಗ್ಗ ಎತ್ತಿಕೊಂಡು ಸರಿಯತೊಡಗಿದರು. ವೈನಿಯೂ ಎತ್ತಿಕೊಂಡು ಸರಿದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸುಮಾರು ಇಪ್ಪತ್ತು ದಿನ ಹೀಗೆ ಕಳೆದವು. ಆಮೇಲೆ ಒಂದು ವಾರದೊಳಗೆ ಎಲ್ಲ ತಿರುಗಿತು. ಹಿಂದುಸ್ತಾನದ ಮಿಲಿಟರಿ ಬಂತು ಎಂದರು, ನಿಜಾಮರು ಕೈ ಎತ್ತಿದರು ಎಂದರು. ಖಾಕಿಯವರು ಬೆಳಗಾಗುವುದರೊಳಗೆ ಖಾಕಿ ಬಿಚ್ಚಿ ಎಲ್ಲಿಗೋ ಓಡಿದರು. ಅಂಜಿಕೆ ಮಾತ್ರ ಓಡಿಹೋಗಲಿಲ್ಲ, ಮನೆ ಬದಲಾಯಿಸಿತು. ಈಗ ಬಾಗಿಲು ಹಾಕಿಕೊಂಡು ಕೂತವರು ಖಾಲಾಳ ಕಡೆಯವರು.

ಅಣ್ಣ ಗಡ್ಡ ಬಿಟ್ಟುಕೊಂಡು, ಒಣಗಿ ಕಟ್ಟಿಗೆಯಾಗಿ ಬಂದ. ಅಪ್ಪನ ಕೈ ನೋಡಿದ. “ಯಾರು?” ಎಂದ. “ಹೋಗ್ಲಿ ಬಿಡು, ಜೀವ ಉಳದೈತಿ” ಎಂದ ಅಪ್ಪ. ಆದರೆ ಓಣಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಏಳೆಂಟು ಹುಡುಗರು ಬಂದು ಅಣ್ಣನನ್ನು ಕರೆದರು. ಅವರ ಕೈಯಲ್ಲಿ ಬಡಿಗೆಗಳಿದ್ದವು, ಒಬ್ಬನ ಕೈಯಲ್ಲಿ ಕೊಡಲಿ. ಅಣ್ಣ ಒಳಗೆ ಬಂದು ಸೌದೆ ಒಡೆಯುವ ಕೊಡಲಿ ತೆಗೆದುಕೊಂಡ. “ಎಲ್ಲಿಗ್ರೀ?” ಎಂದು ವೈನಿ ಕೇಳಿದಳು. “ಚಪ್ರಾಸಿ ಮನಿಗಿ” ಎಂದ.

ಅವರು ಹೋದರು. ವೈನಿ ಗೋಡೆಗೆ ಒರಗಿ ನಿಂತಳು. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಬಾಯಲ್ಲಿ ಸೆರಗು. ಎಷ್ಟು ಹೊತ್ತೋ. ನನಗೆ ಒಂದು ಯುಗ. ಆಮೇಲೆ ಸೆರಗನ್ನು ಬಾಯಿಂದ ಕಿತ್ತು, ಮಗುವನ್ನೆತ್ತಿ ನನ್ನ ಸೊಂಟಕ್ಕೆ ಹಾಕಿ, ನನ್ನ ರಟ್ಟೆ ಹಿಡಿದಳು. “ನೀನೂ ಬಾ. ಒಬ್ಬಾಕಿನ ಹೋದ್ರ ನನ್ನ ಕಾಲು ಬರಂಗಿಲ್ಲ.”

ಮೂರು ಮನೆ ಆಚೆ ಖಾಲಾಳ ಮನೆ. ಬಾಗಿಲ ಮೇಲೆ ಆಗಲೇ ಒದೆ ಬೀಳುತ್ತಿತ್ತು. ಒಳಗಿಂದ ಖಾಲಾ ಚೀರುತ್ತಿದ್ದಳು. ವೈನಿ ಗಂಡಸರ ನಡುವೆ ನುಗ್ಗಿ ಹೊಸ್ತಿಲ ಮೇಲೆ ಕುಸಿದು ಕೂತಳು. ಅಡ್ಡಗಟ್ಟಬೇಕೆಂದು ಕೂತದ್ದಲ್ಲ, ನಿಲ್ಲಲು ಆಗದೆ ಕೂತಳು. ಅಣ್ಣ, “ಎದ್ದು ಮನಿಗಿ ನಡಿ” ಎಂದು ಗದರಿದ.

“ಇವ್ರಲ್ಲ,” ಎಂದಳು. ಮತ್ತೆ ಅಂದಳು: “ಇವ್ರಲ್ಲ್ರೀ. ನಾನು.”

“ಏನ್ ನೀನು?”

“ನೀವು ಶುಕ್ರವಾರ ಬರ್ತೀರಿ ಅಂತ ಬಾವಿಯಾಗ ನಾನ ಹೇಳೀನಿ. ಎಲ್ಲರ ಮುಂದ. ಜಂಬಕ್ಕ ಹೇಳೀನಿ. ಖಾಲಾ ಅಲ್ಲಿ ಇದ್ದಿದ್ದಿಲ್ಲ. ಆಕಿಗಿ ಗೊತ್ತೂ ಇದ್ದಿದ್ದಿಲ್ಲ.”

ಕೊಡಲಿ ಹಿಡಿದ ಇನ್ನೊಬ್ಬ, “ಚಪ್ರಾಸಿನ್ನ ಉಳಸಾಕ ಸುಳ್ಳು ಹೇಳ್ತಾಳ. ಹೆಂಗಸ್ರ ಕರುಳು” ಎಂದ. ಇಡೀ ಓಣಿಗೆ ಅವಳ ಬೆಕ್ಕಿನ ಕಥೆಗಳು ಗೊತ್ತಿದ್ದವು. ಅವಳು ಸುಳ್ಳುಗಾತಿ ಎಂದು ನಂಬುವುದು ಸುಲಭವಿತ್ತು. ವೈನಿ ಸುತ್ತ ನೋಡಿದಳು. ಬಾವಿಯಲ್ಲಿದ್ದ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಆಗ ಅವಳು ನನ್ನತ್ತ ತಿರುಗಿದಳು. “ಈ ಹುಡುಗೀನ್ನ ಕೇಳ್ರಿ. ನನ್ನ ಜೋಡಿ ಇದ್ಲು.”

ಎಲ್ಲರೂ ನನ್ನನ್ನು ನೋಡಿದರು. ಮಗು ನನ್ನ ಸೊಂಟದ ಮೇಲಿತ್ತು. ಅದರ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದವಳು ನಾನು. ಹೇಳಿದರೆ ಈ ಕೂಸು ಇಲ್ಲೇ, ನನ್ನ ಕೈಯಲ್ಲೇ ಸಾಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಹೇಳದಿದ್ದರೆ ಆ ಬಾಗಿಲ ಹಿಂದಿನವರು. ನನ್ನ ಲಂಗ ಒದ್ದೆಯಾಯಿತು. ವೈನಿಗೆ ಅರ್ಥವಾಯಿತು. ಕೂತಲ್ಲಿಂದಲೇ ಕೈ ಚಾಚಿ ನನ್ನ ಪಾದ ಹಿಡಿದುಕೊಂಡಳು.

“ಆಣಿ ಮುರದ್ರ ನನ್ನ ಮ್ಯಾಲ ಬರ್ಲಿ. ಕೂಸಿಗೇನೂ ಆಗಂಗಿಲ್ಲ. ಹೇಳು ತಂಗೀ.”

“ಹೌದು,” ಎಂದೆ. “ವೈನಿನ ಹೇಳ್ಯಾಳ. ನಾ ಸೀರಿ ಜಗ್ಗಿದೆ.”

ಅಣ್ಣ ಅವಳ ಕೆನ್ನೆಗೆ ಹೊಡೆದ. ಅವಳ ತಲೆ ಬಾಗಿಲ ತೋಳಿಗೆ ಬಡಿಯಿತು. ಆಮೇಲೆ ಕೊಡಲಿಯನ್ನು ಹೆಗಲಿಗೇರಿಸಿ ಯಾರ ಕಡೆಯೂ ನೋಡದೆ ಮನೆಯತ್ತ ನಡೆದ. ಅವನೇ ಹೋದ ಮೇಲೆ ಉಳಿದವರಿಗೆ ಅಲ್ಲಿ ನಿಲ್ಲಲು ಕಾರಣವಿರಲಿಲ್ಲ. ಗೊಣಗುತ್ತ ಚದುರಿದರು. ಬಾಗಿಲು ತೆರೆಯಲಿಲ್ಲ. ವೈನಿ ಬಹಳ ಹೊತ್ತು ಆ ಹೊಸ್ತಿಲ ಮೇಲೆಯೇ ಕೂತಿದ್ದಳು, ನಾನು ಪಕ್ಕದಲ್ಲಿ ಮಗುವಿನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡುತ್ತ ನಿಂತಿದ್ದೆ. ಎಷ್ಟೋ ತಿಂಗಳು ಹಾಗೆ ನೋಡುತ್ತಲೇ ಇದ್ದೆ.

ಆ ಮಧ್ಯಾಹ್ನ ಅವಳು ತುತ್ತು ಕಲಸಿ ಅಪ್ಪನ ಮುಂದೆ ಹಿಡಿದಳು. ಅಪ್ಪ ಬಾಯಿ ತೆರೆಯಲಿಲ್ಲ. ಮುಖವನ್ನು ಗೋಡೆಗೆ ಮಾಡಿದ. ಕೈ ಹಾಗೇ ಹಿಡಿದು ಅವಳು ಕೂತಳು, ರೊಟ್ಟಿ ಒಣಗಿತು. ರಾತ್ರಿಯೂ ಅದೇ. ಮರುದಿನ ಅದೇ ಹೊತ್ತಿಗೆ ಮತ್ತೆ ಹಿಡಿದಳು. ಅಪ್ಪ ಅವಳ ಊದಿದ ಕೆನ್ನೆಯನ್ನು ನೋಡಿದ, ಬಾಯಿ ತೆರೆದ, ನಿಧಾನ ಅಗಿದು ನುಂಗಿ, “ಉಪ್ಪು ಕಡಿಮಿ ಆಗೇತಿ” ಎಂದ. ವೈನಿ ಎದ್ದು ಒಳಗೋಡಿ ಉಪ್ಪಿನ ಗಡಿಗೆಯನ್ನು ಅಪ್ಪಿಕೊಂಡು ಅತ್ತಳು.

ಅಣ್ಣ ಆರು ತಿಂಗಳು ಅವಳೊಡನೆ ಮಾತಾಡಲಿಲ್ಲ. ಬೇಕಾದದ್ದನ್ನು ನನ್ನ ಮೂಲಕ ಕೇಳುತ್ತಿದ್ದ.

ಖಾಲಾಳ ಮನೆಯವರು ನಾಲ್ಕೇ ದಿನದಲ್ಲಿ ರಾಯಚೂರಿನ ನೆಂಟರ ಕಡೆ ಹೊರಟರು. ಬಂಡಿಗೆ ಸಾಮಾನು ಹೇರುವಾಗ ವೈನಿ ಹೋಗಿ ಕಾಲು ಹಿಡಿದಳು. ಖಾಲಾ ಎಬ್ಬಿಸಲಿಲ್ಲ, ಒದೆಯಲೂ ಇಲ್ಲ. “ನೀ ಹೇಳಿದಿ, ನನ್ನ ಗಂಡ ಉಳದಾನ,” ಎಂದಳು. “ಅದಕಿಂತ ಮೊದಲ ಇಷ್ಟು ದಿನಾ ಹೇಳಲಿಲ್ಲ, ನಾ ದಿನಾ ಸತ್ತೀನಿ. ಎರಡೂ ನೆನಪಿಟ್ಕೋತೀನಿ ಬೇಟಿ.” ಬಂಡಿ ಹತ್ತುವ ಮೊದಲು ಮಗುವಿನ ಗಲ್ಲ ಮುಟ್ಟಿದಳು. ಅವರನ್ನು ನಾವು ಮತ್ತೆ ಕಾಣಲಿಲ್ಲ.

ಅಪ್ಪನ ಬೆರಳುಗಳು ಕೂಡಿದವು, ಆದರೆ ಸೊಟ್ಟಗೆ ಕೂಡಿದವು. ಮಗ್ಗದ ಗುಂಡಿಗೆ ವೈನಿ ಇಳಿದಳು. ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟ. ಮೊದಲ ಸೀರೆ ಚೀಲಕ್ಕೂ ಆಗುವಂತಿರಲಿಲ್ಲ. ಎರಡು ವರ್ಷದಲ್ಲಿ ಅವಳ ಅಂಚಿನ ಸೀರೆಯನ್ನು ವ್ಯಾಪಾರಿಗಳು ಹುಡುಕಿಕೊಂಡು ಬರುವಂತಾಯಿತು. ಜಂಬ ಹೋಗಲಿಲ್ಲ. “ನಮ್ಮ ಮಕ್ತಲದವರ ಕೈ ಅದು” ಎನ್ನುತ್ತಿದ್ದಳು. ಆದರೆ ಹಾಲು ಉಕ್ಕಿದರೆ ಮಾತ್ರ ನಾವು ಕೇಳುವ ಮೊದಲೇ ಒಳಗಿಂದ ಕೂಗುತ್ತಿದ್ದಳು: “ನಾನ ಉಕ್ಕಿಸೀನಿ!”

ನನ್ನ ಮದುವೆಯಾಗಿ ಮೊದಲ ಬಾಣಂತನಕ್ಕೆ ಬಂದಾಗ ಒಮ್ಮೆ ಕೇಳಿದೆ: “ವೈನೀ, ಅವತ್ತು ನೀ ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲಲ್ಲ?” ಅವಳು ನನ್ನ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. “ಬಾಯಿ ಜಾರಿದ್ದು ನನ್ನ ಹುಚ್ಚುತನ,” ಎಂದಳು. “ಅದಕ್ಕ ದೇವರು ಕ್ಷಮಾ ಮಾಡ್ಯಾನು. ಆದ್ರ ಬಾವಿಯಾಗ ನಾನೂ ಹಗ್ಗ ಎತ್ತಿಕೊಂಡ್ನಲ್ಲ, ಅದು ಹುಚ್ಚುತನ ಅಲ್ಲ. ಅದು ನನ್ನ ಒಳಗಿನ ಕೆಟ್ಟತನ. ಅದನ್ನ ದಿನಾ ನೋಡ್ತೀನಿ, ಎಲ್ಲೈತಿ ಅಂತ. ಇನ್ನೂ ಐತಿ.”

ನಾನು ಮಾಡಿದ ತಪ್ಪನ್ನು ನಾನೇ ಮೊದಲು ಹೇಳಬೇಕೆಂಬುದನ್ನು ಅವಳಿಂದ ಕಲಿತೆ. ಪೂರ್ತಿ ಕಲಿತೆನೆಂದು ಹೇಳಲಾರೆ. ಬಹಳ ಸಲ ನಾಲ್ಕು ದಿನ ತಡಮಾಡಿ ಹೇಳಿದ್ದೇನೆ, ಕೆಲವನ್ನು ಇನ್ನೂ ಹೇಳಿಲ್ಲ.

ವೈನಿ ಗದ್ವಾಲದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಕೊನೆಯ ಸಲ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು, “ನಾ ಹೋದ ಮ್ಯಾಲ ಎಲ್ಲಾರೂ ಭಾಳ ಒಳ್ಳೇಕಿ ಇದ್ಲು ಅಂತಾರ. ನೀ ಹಂಗ ಅನಬ್ಯಾಡ. ಆದದ್ದು ಹೇಳು” ಎಂದಳು. ದಿನಕರ್ಮದ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಅವಳ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳಿಗೂ ಆಗ ತಲೆ ನರೆತಿತ್ತು. ಈ ಸಂಗತಿ ಒಂದಿಷ್ಟೂ ಗೊತ್ತಿರಲಿಲ್ಲ. ತಾಯಿ ತನಗೆ ಹೇಳದೆ ಹೋದಳಲ್ಲ ಎಂದು ಮೊದಲು ಸಿಟ್ಟಾದಳು. ಆಮೇಲೆ ಕೇಳಿದಳು:

“ಅತ್ತೀ, ಖಾಲಾ ಮನಿಗಿ ಹೋಗುಮುಂದ ಅವ್ವಗ ಅಂಜಿಕಿ ಆಗಿದ್ದಿಲ್ಲೇನು?”

“ಆಗಿತ್ತವ್ವಾ,” ಎಂದೆ. “ನನ್ನ ರಟ್ಟಿ ಹಿಡಕೊಂಡಿದ್ಲು. ಮೂರು ಮನಿ ದಾಟೂದ್ರಾಗ ಎರಡು ಸಲ ನಿಂತ್ಲು. ಎರಡೂ ಸಲ ಇನ್ನೇನು ತಿರುಗಿ ಮನಿಗಿ ಹೋಗ್ತಾಳ ಅಂದ್ಕೊಂಡಿದ್ದೆ.”